ಕೆಸರುಹುಣ್ಣಿಗೊಂದು ಡಾಕ್ಟರೇಟು

ಎಮ್ಮಿಗನೂರಿನ ಭವ್ಯಳ ಪಿಎಚ್‌ಡಿ ವಿಷಯ ಕೇಳಿದವರೆಲ್ಲ ಮೂಗು ಮುರಿಯುತ್ತಿದ್ದರು. ಭತ್ತದ ನಾಟಿ ಮಾಡುವ ಹೆಂಗಸರ ಕಾಲ್ಬೆರಳ ಸಂದಿಯಲ್ಲಾಗುವ ಕೆಸರುಹುಣ್ಣು, ಅದರೊಳಗಿನ ಶಿಲೀಂಧ್ರ. ನಮ್ಮ ಸೂಕ್ಷ್ಮಜೀವಿ ವಿಭಾಗದಲ್ಲಿ ಉಳಿದವರೆಲ್ಲ ಕ್ಯಾನ್ಸರಿನ ಬೆನ್ನು ಹತ್ತಿದ್ದಾಗ ಇವಳು ಹೆಂಗಸರ ಕಾಲು ಹಿಡಿದು ಕೂತಿದ್ದಳು. ಅವಳ ಅವ್ವ ದುರ್ಗಕ್ಕನೂ ನಾಟಿಗೆ ಹೋಗುವವಳು, ಆಕೆಗೂ ಆ ಹುಣ್ಣಿತ್ತು. ಹುಡುಗಿಗೆ ಅದೇ ಛಲ.

ಐದು ವರ್ಷದಲ್ಲಿ ಅವಳು ಕಲಿತದ್ದು ಒಂದೆರಡಲ್ಲ. ಗೈಡ್ ವಿದ್ಯಾಧೀಶ ಸರ್ ಅವರ ಭಾಷಣಕ್ಕೆ ಸ್ಲೈಡು ಮಾಡುವುದು, ಅವರ ಮಗಳ ಶಾಲೆಯ ಚಾರ್ಟು ಬರೆಯುವುದು, ಸರ್ ಕಣ್ಣೆತ್ತಿಯೂ ನೋಡದ ಶಿಲೀಂಧ್ರದ ಲೇಖನದಲ್ಲಿ ಅವರ ಹೆಸರನ್ನೇ ಮೊದಲು ಹಾಕುವುದು. ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಯಾರೂ ತೆಗೀಬ್ಯಾಡ್ರಿ" ಎಂದು ಕಾವಲು ಕಾಯುವುದು. ನೂರಹನ್ನೆರಡು ಹೆಂಗಸರ ಕಾಲು ಕೆರೆದು ತಂದ ಸ್ಯಾಂಪಲ್ಲುಗಳು ಅದರೊಳಗಿದ್ದವು.

ಅವಳಿಗಿದ್ದದ್ದು ಒಂದೇ ಆಸೆ. "ವೈವಾದಾಗ ಯಾರರ ಒಬ್ರು ನನ್ ಕೆಲಸದ ಬಗ್ಗೆ ಖರೇ ಪ್ರಶ್ನೆ ಕೇಳ್ಬೇಕು ನೋಡು. ಇಷ್ಟು ವರ್ಷ ಯಾರೂ ಕೇಳಿಲ್ಲ," ಎಂದು ನನಗೆ ಹೇಳುತ್ತಿದ್ದಳು. ವೈವಾ ಎಂದರೆ ಪ್ರಬಂಧವನ್ನು ಎಲ್ಲರೆದುರು ಸಮರ್ಥಿಸಿಕೊಳ್ಳುವ ಕೊನೆಯ ಪರೀಕ್ಷೆ. ಇನ್ನೂರು ಪ್ರಶ್ನೆಗಳನ್ನು ತಾನೇ ಊಹಿಸಿ ಉತ್ತರ ಬಾಯಿಪಾಠ ಮಾಡಿದ್ದಳು.

ನನಗೆ ಪಾಪ ಅನ್ನಿಸಿತು. ನಮ್ಮಲ್ಲಿ ಹೊರಗಿನಿಂದ ಬಂದ ಪರೀಕ್ಷಕರಿಗೆ ಮೊದಲು ಹಂಪಿ ತೋರಿಸಬೇಕು. ತೋರಿಸಿ ಬಂದ ಮೇಲೆ ಊಟಕ್ಕೆ ಮೊದಲು ಎಷ್ಟು ಹೊತ್ತು ಉಳಿಯುತ್ತದೋ ಅಷ್ಟೇ ವೈವಾ. ಸಭಿಕರ ಪ್ರಶ್ನೆಗಳನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆದು ಕಿರಿಯರಾದ ನಮಗೆ ಹಂಚಿಬಿಡುತ್ತಾರೆ. ನನ್ನ ಪಾಲಿಗೆ ಮೂರನೇ ಚೀಟಿ ಬಂದಿತ್ತು.

ಮೈಸೂರು ಕಡೆಯ ಪರೀಕ್ಷಕರು ಹಣೆಗೆ ಕುಂಕುಮವಿಟ್ಟುಕೊಂಡು ಹನ್ನೆರಡೂವರೆಗೆ ಹಂಪಿಯಿಂದ ಬಂದರು. ಭವ್ಯ ಹತ್ತು ಸ್ಲೈಡು ದಾಟುವಷ್ಟರಲ್ಲಿ ಮೂರು ಸಲ ಗಡಿಯಾರ ನೋಡಿದರು. ಆಮೇಲೆ ಪ್ರಬಂಧದ ಪುಟ ತಿರುವಿದರು.

"ಎಡಗಡೆ ಅಂಚು ಇಷ್ಟೊಂದು ಯಾಕಮ್ಮ ಬಿಟ್ಟಿದ್ದೀರಿ?"

"ಬೈಂಡಿಂಗಿಗೆ ಸರ್."

"ಗುಡ್," ಎಂದರು. ನಾನು ಎದ್ದು ಚೀಟಿ ನೋಡಿ ಸಂಶೋಧನೆಯ ಹೊಸತನವೇನೆಂದು ಕೇಳಿದೆ. ಭವ್ಯ ನನ್ನನ್ನು ನೋಡಿದ ರೀತಿಗೆ ನಾಚಿಕೆಯಾಯಿತು.

"ಇನ್ನು ಯಾರಾದರೂ?" ಎಂದು ವಿದ್ಯಾಧೀಶ ಸರ್ ಫೈಲು ಮುಚ್ಚಿದರು.

ಹಿಂದಿನ ಸಾಲಿನಲ್ಲಿ ದುರ್ಗಕ್ಕ ಎದ್ದು ನಿಂತಳು. ಪಕ್ಕದಲ್ಲಿ ಅವಳ ನಾಟಿ ಗುಂಪಿನ ಮರುಳಸಿದ್ದಮ್ಮ. ಇಬ್ಬರೂ ಭವ್ಯಳ ವೈವಾ ನೋಡಲು ಬಂದವರು. ಅವರಿಗೆ ಯಾರೂ ಚೀಟಿ ಕೊಟ್ಟಿರಲಿಲ್ಲ.

"ನಂದೊಂದೈತ್ರಿ ಸಾಹೇಬ್ರ," ಎಂದವಳು ಮಗಳತ್ತ ತಿರುಗಿದಳು. "ಭವ್ಯವ್ವಾ, ಕಾಲು ಕೆರಿಯಾಕ ಬಂದಾಗ, ಹುಣ್ಣಿಗೆ ಗೋರಂಟಿ ಸೊಪ್ಪು ಅರೆದು ಹಚ್ಚಬ್ಯಾಡ್ರಿ, ಸ್ಯಾಂಪಲ್ ಕೆಡ್ತೈತಿ ಅಂದಿದ್ದಿ. ಎಲ್ಲಾರೂ ಬಿಟ್ವಿ. ನಾಕು ವರ್ಷ ಆತು. ಮನ್ಯಾಗ ಯಾವಾಗ ಕೇಳಿದ್ರೂ ಥೀಸಿಸ್ ಮುಗೀಲಿ ತಡಿ ಅಂತಿದ್ದಿ. ಈಗ ಮುಗೀತಲ್ಲ, ಹಚ್ಬೌದೇನು?"

ಸಭೆ ಗೊಳ್ಳೆಂದು ನಕ್ಕಿತು. "ಒಳ್ಳೇ ಪ್ರಶ್ನೆ ತಾಯಿ, ಮುಂದಿನ ಸಂಶೋಧನೆಗೆ ವಿಷಯ ಸಿಕ್ಕಿತು," ಎಂದು ಪರೀಕ್ಷಕರೂ ನಕ್ಕರು.

ಭವ್ಯ ನಗಲಿಲ್ಲ. ಶಿಲೀಂಧ್ರಗಳ ಹೆಸರನ್ನೆಲ್ಲ ಪತ್ತೆಹಚ್ಚಿದ್ದಳು, ಅವು ಯಾವುದಕ್ಕೆ ಸಾಯುತ್ತವೆಂದು ನೋಡಿರಲಿಲ್ಲ. ಇನ್ನೂರು ಉತ್ತರಗಳಲ್ಲಿ ಇದು ಇರಲಿಲ್ಲ. ಅವಳ ಕಣ್ಣು ಅವ್ವನ ಕಾಲಿನ ಮೇಲಿತ್ತು.

"ನಂಗೊತ್ತಿಲ್ಲವ್ವಾ," ಎಂದಳು. "ಅದನ್ನ ನಾನು ನೋಡ್ಲೇ ಇಲ್ಲ. ಸ್ಯಾಂಪಲ್ ಒಯ್ದ ದಿನಾನ ಹಚ್ಕೊಳ್ರಿ ಅಂತ ಹೇಳ್ಬೇಕಿತ್ತು. ಮರ್ತುಬಿಟ್ಟೆ."

ಅವಳ ಮಾತು ಮುಗಿಯುವ ಮೊದಲೇ ವಿದ್ಯಾಧೀಶ ಸರ್ ವರದಿ ಓದಲು ಶುರು ಮಾಡಿದ್ದರು. ಅದು ಹಿಂದಿನ ದಿನವೇ ಟೈಪಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ. "ಅಭ್ಯರ್ಥಿಯು ಎಲ್ಲ ಪ್ರಶ್ನೆಗಳಿಗೂ ಸಮರ್ಪಕವಾಗಿ ಉತ್ತರಿಸಿದ್ದಾರೆ." ನಾವೆಲ್ಲ ಚಪ್ಪಾಳೆ ತಟ್ಟಿದೆವು. ಪರೀಕ್ಷಕರು ಊಟದ ಕಡೆ ನಡೆದರು.

ಮರುಳಸಿದ್ದಮ್ಮ ಮೆಲ್ಲಗೆ ಕೇಳಿದಳು: "ಪಾಸಾದ್ಲೇನಬೇ?"

"ಆದ್ಲು," ಎಂದಳು ದುರ್ಗಕ್ಕ. "ನಡಿ, ಹೋಗಿ ಗೋರಂಟಿ ಅರಿಯೋಣ."