ಮದ್ದಿಲ್ಲದ ಸೂಜಿ

ಹಳೇಬೀಡಿನ ನಮ್ಮ ಮನೆಯಲ್ಲಿ ನನ್ನ ಮೈನೋವಿಗೆ ಅತ್ತೆ ಇಟ್ಟ ಹೆಸರು ‘ಸೋಗು’. ಕುತ್ತಿಗೆಯಿಂದ ಮಂಡಿಯವರೆಗೆ ನೋವು; ಮಗು ಬಂದು ತಬ್ಬಿಕೊಂಡರೂ ಮೈ ಉರಿಯುತ್ತಿತ್ತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ರಕ್ತದಲ್ಲೂ ಏನೂ ಸಿಗಲಿಲ್ಲ. “ನಿಮಗೇನೂ ಇಲ್ಲಮ್ಮ” ಎಂದು ಡಾಕ್ಟರು ಹೇಳಿದ್ದನ್ನು ಅತ್ತೆ ಊರಿಗೆಲ್ಲ ಹಂಚಿದರು. ರುಬ್ಬುಗುಂಡು ತಿರುಗಿಸಲಾರದ ಸೊಸೆ ಎನ್ನಿಸಿಕೊಂಡು ಆರು ವರ್ಷ ಕಳೆದೆ. ನೋವಿಗಿಂತ ಆ ಮಾತೇ ನನ್ನನ್ನು ಹೆಚ್ಚು ಸುಟ್ಟಿತು.

ಎಂಬತ್ತರ ದಶಕದ ಶುರುವಿನಲ್ಲಿ, ಸೂಜಿ ಚುಚ್ಚಿ ನೋವು ಕಳೆಯುವ ಡಾಕ್ಟರೊಬ್ಬರು ಅರಸೀಕೆರೆಗೆ ಬಂದಿದ್ದಾರೆಂಬ ಸುದ್ದಿ ಕಿವಿಗೆ ಬಿತ್ತು. ಮನೆಯಲ್ಲಿ ಹೇಳಿದ್ದೇ ತಡ, ಅತ್ತೆ ಅಡ್ಡ ನಿಂತರು. ನಮ್ಮದು ಜೈನರ ಮನೆ. ಇಂಜೆಕ್ಷನ್ನಿಗೆ ನಮ್ಮ ಕಡೆ ಸೂಜಿಮದ್ದು ಎನ್ನುತ್ತಿದ್ದರು. ಹಿಂದೊಮ್ಮೆ ನಿಶ್ಶಕ್ತಿಗೆಂದು ಬರೆದುಕೊಟ್ಟ ಸೂಜಿಮದ್ದು ಪ್ರಾಣಿಯ ಲಿವರಿನಿಂದ ತೆಗೆದದ್ದೆಂದು ತಿಳಿದ ಮೇಲೆ ಅತ್ತೆಗೆ ಸೂಜಿ ಎಂದರೇ ಆಗುತ್ತಿರಲಿಲ್ಲ.

“ಅದ್ರೊಳಗೆ ಯಾವ ಮದ್ದು ತುಂಬ್ತಾರೆ, ಮೊದ್ಲು ಕೇಳ್ಕೊಂಡ್ ಬಾ” ಎಂದರು. ನನ್ನ ಗಂಡ ಪೇಪರಿನಿಂದ ತಲೆ ಎತ್ತಲಿಲ್ಲ.

ನಾನೊಬ್ಬಳೇ ಬಸ್ಸು ಹತ್ತಿದೆ. ಡಾಕ್ಟರು ನನ್ನ ಪ್ರಶ್ನೆಗೆ ನಕ್ಕು, ಕೂದಲಿನಷ್ಟು ತೆಳ್ಳಗಿನ ಸೂಜಿ ತೋರಿಸಿದರು. ಅದಕ್ಕೆ ತೂತೇ ಇರಲಿಲ್ಲ, ಮದ್ದು ತುಂಬುವುದೆಲ್ಲಿಂದ ಬಂತು. ಆಮೇಲೆ ನನ್ನ ಹೆಗಲು, ಸೊಂಟ, ಮಂಡಿಯ ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದಲ್ಲೆಲ್ಲ ಜೀವ ಹೋದಂತಾಯಿತು.

“ನೋವು ಇದೆಯಮ್ಮ. ಎಕ್ಸ್‌ರೇಗೆ ಕಾಣಲ್ಲ, ಅಷ್ಟೆ” ಎಂದರು. ಸೂಜಿ ತಾಗುವ ಮೊದಲೇ ನಾನು ಅತ್ತುಬಿಟ್ಟೆ.

ಮನೆಗೆ ಬಂದು ಮದ್ದೇ ಇಲ್ಲ, ಬರೀ ಸೂಜಿ ಎಂದೆ. ಅತ್ತೆ ತೀರ್ಪು ಕೊಟ್ಟರು: “ಮದ್ದಿಲ್ಲ ಅಂದ್ರೆ ದೋಷ ಇಲ್ಲ. ಇಲ್ದಿರೋ ನೋವಿಗೆ ಇಲ್ದಿರೋ ಮದ್ದು, ಸರಿಹೋಯ್ತು. ಹೋಗು.”

ಆ ಚಳಿಗಾಲವಿಡೀ ಪ್ರತಿ ಗುರುವಾರ ಹೋದೆ. ಸೂಜಿ ಇಟ್ಟ ಕಡೆ ಜೋಮು ಹಿಡಿದು ಭಾರವಾಗುತ್ತಿತ್ತು. ನೋವು ಪೂರ್ತಿ ಹೋಯಿತೆಂದರೆ ಸುಳ್ಳಾಗುತ್ತದೆ. ಆದರೆ ನಿದ್ದೆ ಬಂತು, ಮಗುವನ್ನು ಎತ್ತಿಕೊಂಡೆ. ಅರಸೀಕೆರೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಬ್ಬಳೇ ಕೂತು ಕಾಫಿ ಕುಡಿಯುವ ಹೆಂಗಸಾದೆ. ಅದರ ಜಂಬ ನನಗೆ ಇಂದಿಗೂ ಇದೆ.

ಯುಗಾದಿ ಕಳೆದ ಮೇಲೆ ಒಂದು ಬುಧವಾರ ಅತ್ತೆ ನನ್ನ ಪಕ್ಕ ಬಂದು ಕುಳಿತು, ಮಂಡಿಯ ಮೇಲೆ ಕೈಯಿಟ್ಟುಕೊಂಡರು.

“ಇಲ್ಲಿ, ಸುಮಾರು ವರ್ಷದಿಂದ ಐತೆ ಕಣೇ. ಯಾರಿಗೂ ಹೇಳಿರ್ಲಿಲ್ಲ. ಸೋಗು ಅಂದ್ಬಿಟ್ರೆ ಅಂತ.”

ನನ್ನ ನಾಲಗೆ ತುದಿಗೆ ಏನೇನೋ ಬಂತು. ಮಾರನೆಯ ದಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಅವರಿಗೆ ಬಿಟ್ಟು, ಕಂಡಕ್ಟರಿಗೆ ಎಲ್ಲರಿಗೂ ಕೇಳುವಂತೆ ಹೇಳಿದೆ: “ಅರಸೀಕೆರೆ, ಎರಡು.”