ಮಾವನ ಹಸಿ ಗೂಟ

ನಮ್ಮ ಮಾವ ಎನೋಕ್ ಪ್ರೂಯಿಟ್ ತೊರೆಗೆ ಇಳಿದರೆಂದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಚಳಿಗಾಲದ ಕೊನೆಯ ನೀರು, ಅಂಚಿನಲ್ಲಿ ಇನ್ನೂ ಮಂಜುಗಡ್ಡೆ. ಅದರೊಳಗೆ ಸೊಂಟದ ತನಕ ನಿಂತುಕೊಂಡು, ದಡದಲ್ಲಿ ಕೂಸನ್ನು ಅವುಚಿಕೊಂಡು ನಡುಗುವ ನನ್ನ ಕಡೆ ತಿರುಗಿ, "ಬೆಚ್ಚಗಿದೆ ಕಣಮ್ಮ, ನೀನೂ ಬಾ" ಅನ್ನುವವರು ಅವರು.

ನೆಲದ ಮೇಲೆ ನಡೆದರೆ ಮನುಷ್ಯನ ವಾಸನೆ ಉಳಿಯುತ್ತದೆ, ನೀರಿನಲ್ಲಿ ಉಳಿಯುವುದಿಲ್ಲ. ತೊಗಲಿಗಾಗಿ ಬೀವರ್ ಎಂಬ ನೀರುಪ್ರಾಣಿಯನ್ನು ಹಿಡಿಯುವವನು ನೀರಲ್ಲೇ ನಡೆಯಬೇಕು ಎಂಬುದು ಅವರ ವಾದ. ಆ ವಾದಕ್ಕೆ ಅವರು ಕೊಟ್ಟ ಬೆಲೆ ಎಂದರೆ ಎರಡು ಮಂಡಿಗಳು ಮತ್ತು ಎಡಗಾಲಿನ ಎರಡು ಬೆರಳುಗಳು. ಬೆರಳು ಹಿಮಕ್ಕೆ ಹೋದವು. ಮಂಡಿಗಳು ಇದ್ದಲ್ಲೇ ಇದ್ದವು, ಆದರೆ ಮಳೆ ಬರುವ ಮುಂಚೆ ಊರಿಗೆಲ್ಲ ಸುದ್ದಿ ಹೇಳುತ್ತಿದ್ದವು.

ಮಾವ ಹುಟ್ಟಿದ್ದು ಕೆರೊಲಿನಾದಲ್ಲಿ, ಯಾಡ್ಕಿನ್ ನದಿಯ ದಂಡೆಯಲ್ಲಿ. ಮೀಸೆ ಮೂಡುವ ವಯಸ್ಸಿಗೆ ಬೇಟೆಗಾರರ ಗುಂಪಿನ ಜೊತೆ ಬೆಟ್ಟಸಾಲು ದಾಟಿ ಈ ಕೆಂಟಕಿ ಕಡೆ ಬಂದವರು ಎರಡು ಚಳಿಗಾಲ ಮನೆ ಕಡೆ ತಿರುಗಿ ನೋಡಲಿಲ್ಲ. ಆಗ ಇಲ್ಲಿ ಒಂದು ಮನೆಯ ಹೊಗೆಯೂ ಏಳುತ್ತಿರಲಿಲ್ಲವಂತೆ. ಗುಂಪಿನಿಂದ ತಪ್ಪಿಸಿಕೊಂಡು ಹಸಿದು ಅಲೆಯುತ್ತಿದ್ದಾಗ ಚೆರೊಕೀ ಬುಡಕಟ್ಟಿನ ಒಬ್ಬ ಬೇಟೆಗಾರ ತನ್ನ ಬೆಂಕಿಯ ಪಕ್ಕ ಜಾಗ ಕೊಟ್ಟ. ಇವರ ಮಾತು ಅವನಿಗೆ ಬಾರದು, ಅವನದು ಇವರಿಗೆ ಬಾರದು. ಆದರೂ ಬೀವರಿನ ಗ್ರಂಥಿಯ ಎಣ್ಣೆಯನ್ನು ಕಡ್ಡಿಗೆ ಸವರಿ ನೀರಿನ ಮೇಲೆ ಬಾಗಿಸಿ ನೆಡುವ ಕೆಲಸವನ್ನು ಅವನು ಕಲಿಸಿದ. ಆ ವಾಸನೆಗೆ ಬೀವರ್ ಈಜಿ ಬರುತ್ತದೆ, ಅದರ ಕಾಲ ಕೆಳಗೆ ನೀರಿನಲ್ಲಿ ಕಾಲು ಕಚ್ಚಿ ಹಿಡಿಯುವ ಹಲ್ಲಿನ ಕಬ್ಬಿಣದ ಬೋನು ಬಾಯಿಬಿಟ್ಟು ಕಾದಿರುತ್ತದೆ. ಮಾವನ ಇಡೀ ಬದುಕು ಆ ಒಂದು ಕಡ್ಡಿಯ ಮೇಲೆ ನಿಂತಿತು ಅನ್ನಬಹುದು.

ಊರಿಗೆ ಮರಳಿದಾಗ ಗಡ್ಡ ಎದೆಗೆ ಬಂದಿತ್ತು, ಮೈಮೇಲೆ ಹೊಗೆ ಹಿಡಿದ ಜಿಂಕೆ ಚರ್ಮ. ಕಾದು ಕುಳಿತಿದ್ದ ಡಾರ್ಕಸ್, ಅಂದರೆ ನಾನು ಕಾಣದ ನನ್ನ ಅತ್ತೆ, ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ಹೇಳಿದರಂತೆ: "ಮೊದಲು ಮಿಂದು ಬಾ. ನೀನ್ಯಾರು ಅಂತ ಆಮೇಲೆ ಹೇಳು."

ನಾನು ಫಿಲಡೆಲ್ಫಿಯಾದಲ್ಲಿ ಓದಿ ಬೆಳೆದವಳು. ಅವರ ಮಗ ಅಬ್ನರನ ಕೈಹಿಡಿದು ಗ್ರೀನ್ ನದಿಯ ಈ ದಂಡೆಗೆ ಬರುವ ಹೊತ್ತಿಗೆ ಅತ್ತೆ ತೀರಿಕೊಂಡಿದ್ದರು. ಬಂದೂಕಿನ ಮದ್ದು ಮುಖಕ್ಕೆ ಚಿಮ್ಮಿ ಮಾವನ ಬಲಗಣ್ಣು ಹೋಗಿತ್ತು, ಎಡಗಣ್ಣಿಗೂ ಪೊರೆ ಬರುತ್ತಿತ್ತು. ಬಂದೂಕನ್ನು ಅವರು ತಾವಾಗಿಯೇ ಮಗನ ಕೈಗಿಟ್ಟಿದ್ದರು. ಅವರದು ಅಂತ ಉಳಿದದ್ದು ಒಲೆಯ ಮೇಲಿನ ಗೋಡೆಯ ಗೂಟಗಳಿಗೆ ನೇತುಹಾಕಿದ ಆರು ಬೋನುಗಳು ಮಾತ್ರ. ಈ ಕತೆ ನಡೆದ ವರ್ಷ ನನ್ನ ಮಗಳು ಟಾಮ್ಸಿನ್ ಆಗ ತಾನೆ ಏನನ್ನಾದರೂ ಹಿಡಿದು ಎದ್ದು ನಿಲ್ಲಲು ಕಲಿಯುತ್ತಿದ್ದಳು. ಆ ಬೋನುಗಳ ಹಲ್ಲಿನ ಕೆಳಗೆ ಅವಳು ನಿಂತಾಗಲೆಲ್ಲ ನಾನು ಓಡಿ ಎತ್ತಿಕೊಳ್ಳುತ್ತಿದ್ದೆ.

ಆದ್ದರಿಂದ ಬೋನುಗಳನ್ನು ಇಳಿಸುವ ಮಾತು ಅಬ್ನರ್ ಎತ್ತಿದಾಗ ನಾನು ಅವನ ಕಡೆಯೇ.

ಹೊಸದಾಗಿ ಕಾಡು ಕಡಿದು ಮಾಡಿದ ಹೊಲದ ಬೇರುಗಳಿಗೆ ತಗುಲಿ ನೇಗಿಲಿನ ಗುಳ ಮೊಂಡಾಗಿ ಹೋಗಿತ್ತು. ಈ ಕಡೆ ಕಬ್ಬಿಣ ಬರುವುದು ಕುದುರೆಯ ಬೆನ್ನಿನ ಮೇಲೆ, ಬೆಟ್ಟ ದಾಟಿ. ಹತ್ತಿರದ ಮರದ ಕೋಟೆಯಲ್ಲಿದ್ದ ಕಮ್ಮಾರ, ಹಳೇ ಕಬ್ಬಿಣ ತಂದರೆ ಗುಳ ಬಡಿದುಕೊಡುತ್ತೇನೆ ಅಂದಿದ್ದ.

"ಅಪ್ಪಾ, ಈ ಸುತ್ತಮುತ್ತ ಬೀವರ್ ಮುಗೀತು. ಮುಗಿಸಿದ್ದೂ ನೀನೇ," ಅಂದ ಅಬ್ನರ್, ಗೋಡೆಯ ಕಡೆ ನೋಡುತ್ತಾ.

"ಮುಗಿಸಿಲ್ಲ ಕಣೋ. ಬುದ್ಧಿ ಕಲಿಸಿದೀನಿ. ಅಡಗಿಕೊಂಡಿವೆ."

"ಎಲ್ಲಿ? ನಿನ್ನ ಗಡ್ಡದಲ್ಲಾ? ಮೂರು ವರ್ಷ ಆಯ್ತು ಒಂದು ತೊಗಲು ಮನೆಗೆ ಬಂದು. ಗೋಡೆ ಮೇಲೆ ತುಕ್ಕು ಹಿಡಿಯೋ ಬದಲು ಹೊಲಕ್ಕಾದರೂ ಆಗಲಿ ಅಪ್ಪಾ. ಕೂಸಿಗೆ ರೊಟ್ಟಿ ಬೇಡ್ವಾ?"

ಕೂಸಿನ ಮಾತು ಬಂದ ಮೇಲೆ ಮಾವ ಎದ್ದು ಬೋನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಕೊನೆಗೆ, "ಮರದ ಸಿಹಿನೀರು ಕಾಯಿಸೋ ಕೆಲಸ ಮುಗಿಯೋ ತನಕ ಬಿಡು," ಅಂದರು. "ಅಷ್ಟರೊಳಗೆ ಒಂದು ಬೀವರ್ ತಂದರೆ ಬೋನು ನನ್ನವು. ತರದಿದ್ರೆ ನಾನೇ ಹೊತ್ಕೊಂಡು ಹೋಗಿ ಕುಲುಮೆಗೆ ಹಾಕ್ತೀನಿ. ಯಾರೂ ಮುಟ್ಟಬೇಡಿ."

ಸಕ್ಕರೆ ಪಾಕಕ್ಕೆಂದು ಮೇಪಲ್ ಮರಕ್ಕೆ ಕೊರೆದ ತೂತಿನಿಂದ ಸಿಹಿನೀರು ಇಳಿಯುವುದು ಬಹಳ ಕಾಲವಲ್ಲ. ಮೊಗ್ಗು ಕೆಂಪಾದ ಕೂಡಲೇ ನೀರು ಕಹಿಯಾಗುತ್ತದೆ, ಕಡಾಯಿ ಇಳಿಸಬೇಕಾಗುತ್ತದೆ. ಊರಿನವರೆಲ್ಲ ಮೇಪಲ್ ತೋಪಿನಲ್ಲಿ ಕಡಾಯಿ ಸುತ್ತ ಸೇರಿದ್ದ ದಿನಗಳು ಅವು. ಮಾವ ಮಾತ್ರ ಊರ ಪಕ್ಕದ ಬಾಗುತೊರೆಯಲ್ಲಿ ಬೋನು ಹೂಡುತ್ತಾ ಓಡಾಡಿದರು. ಯಾವುದಕ್ಕೂ ಏನೂ ಬೀಳಲಿಲ್ಲ. ಆಮೇಲೆ ಆ ಎಡವಟ್ಟು ನಡೆಯಿತು.

ಬೋನಿನ ಸರಪಳಿಯನ್ನು ನೀರಿನಲ್ಲಿ ಹೊಡೆದ ಗೂಟಕ್ಕೆ ಸಿಕ್ಕಿಸುತ್ತಾರೆ. ಗೂಟ ಒಣಗಿದ ಮರದ್ದೇ ಆಗಿರಬೇಕು. ಹಸಿ ಮರವಾದರೆ ಬೀವರ್ ಅದನ್ನೇ ಕಡಿದುಕೊಂಡು ಹೋಗುತ್ತದೆ. ಮರದ ತೊಗಟೆಯೇ ಅದರ ಊಟ ತಾನೆ. ಮೊದಲ ಸಲ ಬೋನು ಹಿಡಿದವನಿಗೂ ಗೊತ್ತಿರುವ ಮಾತು. ಆದರೆ ಎಲೆ ಉದುರಿ ನಿಂತ ಎಳೆಯ ಕಾಟನ್‌ವುಡ್ ಮರದ ಬೂದು ತೊಗಟೆ ಮಬ್ಬುಗಣ್ಣಿಗೆ ಸತ್ತ ಮರದಂತೆಯೇ ಕಾಣುತ್ತದೆ. ಮಾವ ಅದನ್ನೇ ಕಡಿದು ಗೂಟ ಮಾಡಿದ್ದರು. ಅಪ್ಪನನ್ನು ಊಟಕ್ಕೆ ಕರೆಯಲು ತೊರೆಗೆ ಹೋದ ಅಬ್ನರನಿಗೆ ಕಂಡದ್ದು ಕೆಸರಿನಲ್ಲಿ ಬಿದ್ದ ಖಾಲಿ ಬೋನು, ಅದರ ಪಕ್ಕ ಕಡಿದು ಉಳಿದ ಗೂಟದ ಮೋಟು.

ಸುದ್ದಿ ಅವರಿಗಿಂತ ಮುಂಚೆ ಕಡಾಯಿ ಹತ್ತಿರ ಬಂತು. ನೆರೆಮನೆಯ ಜೆರುಷಾ, ಮೂವರು ಗಂಡಂದಿರನ್ನು ಮಣ್ಣು ಮಾಡಿ ನಾಲ್ಕನೆಯವನು ಬೇಡ ಅಂತ ತೀರ್ಮಾನಿಸಿದ ಹೆಂಗಸು, ಸೌಟು ಹಿಡಿದುಕೊಂಡೇ ಕೂಗಿದಳು:

"ಏನು ಎನೋಕಣ್ಣ, ಬೀವರಿಗೆ ಊಟ ಬಡಿಸಿ ಬಂದ್ಯಂತೆ? ಒಂಚೂರು ಉಪ್ಪೂ ಹಾಕಬಾರದಿತ್ತಾ?"

ತೋಪೆಲ್ಲ ನಕ್ಕಿತು. ಅಬ್ನರ್ ಕೂಡ ನಕ್ಕ. ಮಾವ ದಿಮ್ಮಿಯ ಮೇಲೆ ತಲೆ ತಗ್ಗಿಸಿ ಕುಳಿತರು, ಭುಜ ಅಲುಗುತ್ತಿತ್ತು. ಅಯ್ಯೋ, ಈ ವಯಸ್ಸಿನಲ್ಲಿ ಎಲ್ಲರೆದುರು ಅಳಿಸಿಬಿಟ್ಟರಲ್ಲ ಅಂತ ನಾನು ಓಡಿ ಹೋಗಿ ಹೆಗಲು ಮುಟ್ಟಿದೆ. ಅವರು ಅಳುತ್ತಿರಲಿಲ್ಲ. ನಗು ತಡೆಯಲಾರದೆ ಕಣ್ಣಲ್ಲಿ ನೀರು ಬಂದಿತ್ತು.

"ಲೋ ಅಬ್ನರ್," ಅಂದರು. "ಆ ಗೂಟ ತಿಂದದ್ದು ಯಾರು?"

"ಯಾರು ಅಂದ್ರೆ... ಬೀವರ್."

"ಬೀವರ್ ಮುಗೀತು ಅಂದ್ಯಲ್ಲೋ. ಹಾಗಾದ್ರೆ ನಿನ್ನ ಹಂದಿ ಈಜೋಕೆ ಕಲಿತಿರಬೇಕು."

ನಗು ನಿಂತಿತು. ಜೆರುಷಾ ಸೌಟನ್ನು ಕಡಾಯಿಗೆ ಇಳಿಸಿ ತಿರುವತೊಡಗಿದಳು. ಒಣ ಗೂಟವಾಗಿದ್ದರೆ ಯಾವ ಬೀವರೂ ಮೂಸುತ್ತಿರಲಿಲ್ಲ, ಇದೆ ಎನ್ನುವುದೇ ತಿಳಿಯುತ್ತಿರಲಿಲ್ಲ. ಆದರೆ ಅದು ಇರುವುದೆಲ್ಲಿ? ಬಾಗುತೊರೆಗೆ ಸೇರುವ ಹಳ್ಳಗಳು ಹತ್ತಾರು.

ಮಾವ ಅಂದೇ ಎಳೆಯ ಕಾಟನ್‌ವುಡ್ ಗಳಗಳನ್ನು ಕಡಿದು, ಒಂದೊಂದರ ಮೇಲೂ ಚೂರಿಯಿಂದ ಆಳವಾಗಿ ಮೂರು ಗೀರು ಹಾಕಿದರು. ಅದು ಅವರ ಗುರುತು. ಅವರ ಬೋನಿಗೂ ಮದ್ದಿನ ಕೊಂಬಿಗೂ ಅದೇ ಗುರುತು. ಪ್ರತಿ ಹಳ್ಳದ ಬಾಯಿಯಲ್ಲಿ ಒಂದೊಂದು ಹಸಿ ಗಳ ನೆಟ್ಟು ಬಂದರು, ನಂಟರಿಗೆ ಎಲೆ ಹಾಕಿದ ಹಾಗೆ. ಮೂರನೆಯ ದಿನ ನನ್ನ ಮುಂದೆ ಬಂದು ನಿಂತರು.

"ಮಗಳೇ, ನನ್ನ ಕಣ್ಣು ಸಾಲದು. ನಿನ್ನವೆರಡೂ ಚೆನ್ನಾಗಿವೆ. ನಡಿ."

"ಮಾವ, ಕೂಸಿಗೆ ಕೆಮ್ಮು..."

"ಕೆಮ್ಮಲಿ. ನಾನೂ ಕೆಮ್ಮುತೀನಿ."

"ತೋಳ ಇದ್ದರೆ?"

"ನನ್ನ ಮೊದಲು ತಿನ್ನುತ್ತೆ. ಗಟ್ಟಿ ಮಾಂಸ, ಅಗಿಯೋ ಹೊತ್ತಿಗೆ ನೀನು ಮನೆ ಸೇರಿರ್ತೀಯ."

ಟಾಮ್ಸಿನ್‌ಗೆ ನರಿ ತೊಗಲಿನ ಟೋಪಿ ಹಾಕಿ, ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡೆ. ಗಂಟು ಬಿಗಿಯಾಗಿದೆಯೇ ಎಂದು ಹೆಜ್ಜೆ ಹೆಜ್ಜೆಗೂ ಮುಟ್ಟಿ ನೋಡಿಕೊಳ್ಳುತ್ತಾ ಅವರ ಹಿಂದೆ ನಡೆದೆ.

ನೆಟ್ಟ ಗಳಗಳೆಲ್ಲ ಹಾಗೆಯೇ ಇದ್ದವು. ಒಂದು ಮಾತ್ರ ಇರಲಿಲ್ಲ. ಅದು ಇದ್ದದ್ದು ದನ ಕೂಡ ನೀರು ಕುಡಿಯಲು ಹೋಗದಂಥ ಸಣ್ಣ ಹಳ್ಳದ ಬಾಯಲ್ಲಿ. ಅದರ ಗುಂಟ ಮೇಲೆ ಹೋದೆವು. ಸಣ್ಣಬಿದಿರಿನ ಮೆಳೆ ಎರಡು ಕಡೆಯಿಂದಲೂ ಒತ್ತಿ ಬಂತು. ಮಾವ ಕೊಡಲಿಯಿಂದ ದಾರಿ ಬಿಡಿಸುತ್ತಾ ಮುಂದೆ, ಕೂಸಿನ ಕಣ್ಣಿಗೆ ಎಲೆ ಚುಚ್ಚದ ಹಾಗೆ ಕೈ ಅಡ್ಡ ಹಿಡಿದು ನಾನು ಹಿಂದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೆಳೆ ಮುಗಿದು ಎದುರಿಗೆ ನಿಂತ ನೀರು ಹೊಳೆಯಿತು.

"ಏನು ಕಾಣಿಸುತ್ತೆ ಹೇಳು."

"ನೀರು ಮಾವ. ಅಡ್ಡಲಾಗಿ ಒಂದು ಕಸದ ರಾಶಿ."

"ಕಸ ಅನ್ನಬೇಡ. ಅವಕ್ಕೆ ಅದು ಕೋಟೆ. ಹತ್ತಿರ ಹೋಗಿ ನೋಡು."

ಹತ್ತಿರ ಹೋದೆ. ಕೊಂಬೆ, ಕಲ್ಲು, ಕೆಸರು ಸೇರಿಸಿ ಕಟ್ಟಿದ ಒಡ್ಡು. ಮೇಲಿನ ಕೆಸರು ಇನ್ನೂ ಹಸಿ. ಅದರ ನಡುವೆ ತೊಗಟೆ ಸುಲಿದ ಬಿಳಿಯ ಗಳವೊಂದು ಅಡ್ಡ ಸೇರಿತ್ತು. ಅದರ ಮೇಲೆ ಮೂರು ಗೀರು.

ಮಾವನ ಕೈ ಹಿಡಿದು ಅದರ ಮೇಲಿಟ್ಟೆ. ಅವರ ಹೆಬ್ಬೆರಳು ಮೊದಲ ಗೀರಿನ ಮೇಲೆ ಹರಿಯಿತು, ಎರಡನೆಯದರ ಮೇಲೆ ಹರಿಯಿತು. ಮೂರನೆಯದು ಮುಟ್ಟುವ ಮುಂಚೆಯೇ ಅವರ ಮುಖ ಅರಳಿತ್ತು.

ಅಷ್ಟರಲ್ಲಿ ಟಾಮ್ಸಿನ್ ಚೀರಿ ಅಳಲು ಶುರು ಮಾಡಿದಳು. ಎಲ್ಲ ಹಾಳಾಯಿತು, ಇದ್ದ ಬೀವರೂ ಓಡಿಹೋಯಿತು ಅಂತ ನಾನು ಗಾಬರಿಯಿಂದ ಗಂಟು ಬಿಚ್ಚತೊಡಗಿದೆ. ನೀರಿನ ಆಚೆ ದಡದಲ್ಲಿ 'ಛಟ್!' ಎಂದು ಬಂದೂಕು ಹಾರಿಸಿದ ಹಾಗೆ ಸದ್ದಾಯಿತು. ಬೀವರ್ ಬೆದರಿದರೆ ಬಾಲವನ್ನು ನೀರಿಗೆ ಬಡಿದು ಮನೆಯವರನ್ನು ಎಚ್ಚರಿಸುತ್ತದೆ. ಇನ್ನೊಂದು ಮೂಲೆಯಲ್ಲಿ 'ಛಟ್!' ಆಮೇಲೆ ಗುಡ್ಡದಂಥ ಗೂಡಿನ ಹತ್ತಿರ ಮತ್ತೊಂದು.

ಮಾವ ಟೋಪಿ ತೆಗೆದು ಗಾಳಿಗೆ ಎಸೆದರು. "ಅಳಿಸು ಮಗಳೇ, ಇನ್ನೊಂದು ಸಲ ಅಳಿಸು ಕೂಸನ್ನ! ಹೇಳಲಿ, ಎಷ್ಟು ಮಂದಿ ಇದಾರೆ ಅಂತ ಅವೇ ಹೇಳಲಿ!"

ಮಾರನೆಯ ದಿನದಿಂದ ಅವರು ಅಲ್ಲಿ ಬೋನು ಹೂಡಿದರು. ಈ ಸಲ ಪ್ರತಿ ಗೂಟವನ್ನೂ ಉಗುರಿನಿಂದ ಕೆರೆದು, ನಾಲಿಗೆಯಿಂದ ನೆಕ್ಕಿ, "ಒಣಗಿದೆ, ಸತ್ತಿದೆ, ದೇವರ ಪಾದ ಸೇರಿದೆ" ಅಂದ ಮೇಲೆಯೇ ನೀರಿಗೆ ಹೊಡೆದದ್ದು. ಆದರೆ ಬೆದರಿದ ಬೀವರ್ ಹೊರಗೆ ಬರುವುದು ತಡ. ಬರಿಗೈಯಲ್ಲಿ ಬಂದ ದಿನಗಳೇ ಸಾಲಾಗಿ ಕಳೆದವು. ಅತ್ತ ಮೇಪಲ್ ಮೊಗ್ಗು ಕೆಂಪಾಯಿತು. ಕೊನೆಯ ಕಡಾಯಿ ಒಲೆಗೇರಿತು. ಅಬ್ನರ್ ಕುದುರೆಯ ಲಾಳ ನೋಡಿ, ಬೋನು ತುಂಬಲೆಂದು ಒಂದು ಖಾಲಿ ಗೋಣಿಯನ್ನು ಮಡಚಿ ಪಕ್ಕಕ್ಕೆ ಇಟ್ಟುಕೊಂಡಿದ್ದ. ಆ ಗೋಣಿ ಕಂಡಾಗೆಲ್ಲ ನಾನು ಅದನ್ನು ಮರೆಗೆ ಸರಿಸುತ್ತಿದ್ದೆ. ಮಾವ ಈ ವಯಸ್ಸಿನಲ್ಲಿ ನೀರಲ್ಲಿ ಬಿದ್ದರೋ, ಮಂಡಿ ಹಿಡಿದುಕೊಂಡು ಎಲ್ಲಾದರೂ ಕೂತರೋ ಅಂತ ಮೆಳೆಯ ಕಡೆ ನೋಡುತ್ತಲೇ ಇದ್ದೆ.

ಕೊನೆಯ ಪಾಕ ಎಳೆ ಬರುತ್ತಿದ್ದ ಹೊತ್ತಿಗೆ ನಾಯಿಗಳು ಬೊಗಳಿದವು. ಮೆಳೆಯ ಕಡೆಯಿಂದ ಮಾವ ಬರುತ್ತಿದ್ದರು. ಕುಂಟು ಕಾಲು, ಸೊಂಟದ ತನಕ ನೀರು ಸುರಿಯುವ ಚರ್ಮದ ಉಡುಪು, ಹೆಗಲ ಮೇಲೆ ಅಡ್ಡ ಗಳ. ಗಳದ ಎರಡು ತುದಿಗೂ ಒಂದೊಂದು ಬೀವರ್, ಕಂದು ಮಿಂಚುವ ದಪ್ಪ ಕೂದಲು, ಮೊರದಂಥ ಬಾಲ. ಅವರು ಕಡಾಯಿಯ ಸುತ್ತ ಒಂದು ಸುತ್ತು ಪೂರ್ತಿ ಬಂದರು. ಮದುಮಗನ ಮೆರವಣಿಗೆಗೂ ಅಷ್ಟು ಗತ್ತು ಇರುವುದಿಲ್ಲ. ಜೆರುಷಾಳ ಮುಂದೆ ನಿಂತು ಗಳ ಇಳಿಸಿದರು.

"ತಾ."

"ಏನು ತರಲಿ ಎನೋಕಣ್ಣ?"

"ಉಪ್ಪು."

ಆಮೇಲಿನ ಗದ್ದಲ ಹೇಳಬಾರದು. ಗಂಡಸರು ಟೋಪಿ ಎಸೆದರು, ಮಕ್ಕಳು ಬಾಲ ಮುಟ್ಟಲು ಜಗಳವಾಡಿದರು. ಜೆರುಷಾ ತಾನೇ ಕೂತು ಬಾಲವನ್ನು ಕೆಂಡದ ಮೇಲೆ ಸುಟ್ಟು, ಉಪ್ಪು ಸವರಿ, ಮೊದಲ ತುಂಡನ್ನು ಮಾವನ ಬಾಯಿಗೇ ಇಟ್ಟಳು. "ಮೂವರು ಗಂಡಂದಿರಿಗೂ ಹೀಗೆ ತಿನ್ನಿಸಿರಲಿಲ್ಲ, ತಿಳ್ಕೋ," ಅಂದಳು. ಕೊಬ್ಬು ಗಡ್ಡಕ್ಕೆ ಇಳಿಯಿತು. ಟಾಮ್ಸಿನ್ ಕೂಡ ಒಂದು ಚೂರು ಚೀಪಿದಳು. ಗಂಟಲಿಗೆ ಸಿಕ್ಕೀತೆಂದು ನಾನು ಬೆರಳು ಸಿದ್ಧ ಮಾಡಿಕೊಂಡೇ ಕುಳಿತಿದ್ದೆ, ಏನೂ ಆಗಲಿಲ್ಲ.

ಅಬ್ನರ್ ಗೋಣಿಯನ್ನು ಎತ್ತಿಕೊಂಡು ಅಪ್ಪನ ಹತ್ತಿರ ಬಂದ. ಒದ್ದೆ ಕಾಲಿನ ಕೆಳಗೆ ಅದನ್ನು ಹಾಸಿ, ಬಗ್ಗಿ ಕೂತು ಅವರ ಮಂಡಿ ತಿಕ್ಕತೊಡಗಿದ.

"ನಾಳೆ ನಾನೂ ಬರ್ತೀನಿ ಅಪ್ಪಾ."

"ಬಾ. ಗೂಟ ನೆಕ್ಕೋಕೆ ಒಬ್ಬ ಬೇಕು. ನನ್ನ ನಾಲಿಗೆ ಜಡ್ಡುಗಟ್ಟಿದೆ."

ಆ ಕೊಳದಿಂದ ಅವರು ಇನ್ನೂ ಕೆಲವನ್ನು ಹಿಡಿದರು. ಒಂದು ಜೋಡಿಯನ್ನು ಮಾತ್ರ ಬೀಜಕ್ಕೆಂದು ಮಾವ ಬಿಟ್ಟುಬಿಟ್ಟರು. ತೊಗಲುಗಳನ್ನು ಬಳೆಯಂತೆ ಬಾಗಿಸಿದ ಕಡ್ಡಿಗೆ ಬಿಗಿದು ಒಣಗಿಸಿ ಕೋಟೆಗೆ ಹೊತ್ತುಕೊಂಡು ಹೋದರೆ, ಬೆಟ್ಟದಾಚೆಯಿಂದ ಬಂದ ವ್ಯಾಪಾರಿ ಅವುಗಳ ಬದಲಿಗೆ ಹೊಚ್ಚಹೊಸ ಗುಳ ಕೊಟ್ಟ. ಓಕ್ ಮರದ ಚಿಗುರು ಅಳಿಲಿನ ಕಿವಿಯಷ್ಟಾದಾಗ ಮೆಕ್ಕೆಜೋಳ ಬಿತ್ತಬೇಕು ಎನ್ನುವುದು ಇಲ್ಲಿಯ ಲೆಕ್ಕ. ಚಿಗುರು ಅಷ್ಟಾದ ದಿನ ನಮ್ಮ ಹೊಲ ಉತ್ತು ಮುಗಿದಿತ್ತು.

ಅಂದು ಸಂಜೆ ಅಬ್ನರ್ ಬೋನುಗಳನ್ನು ತಾನೇ ತೊಳೆದು ಒಳಗೆ ತಂದ. ಗೋಡೆಯ ಗೂಟಗಳನ್ನು ಕಿತ್ತು, ನನ್ನ ಮುಖ ನೋಡಿ, ಕೂಸಿನ ಕೈಗೆ ಎಂದೂ ಎಟುಕದ ಎತ್ತರಕ್ಕೆ ಮತ್ತೆ ಬಡಿದ. ಒಂದೊಂದಾಗಿ ನೇತುಹಾಕುವ ಮುಂಚೆ ಮಿಂಚಲಿ ಎಂದು ಕರಡಿ ಕೊಬ್ಬಿನ ಗಡಿಗೆಗೆ ಕೈ ಹಾಕಿದ.

ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಮಾವನ ಮೂಗು ಅರಳಿತು.

"ಏಯ್, ಕೊಬ್ಬು ಸವರಬೇಡ ಕಣೋ ದಡ್ಡ! ಬರೋ ವರ್ಷ ಬೀವರಿಗೆ ವಾಸನೆ ಹೊಡೆಯುತ್ತೆ. ಮರದ ತೊಗಟೆ ಹಾಕಿದ ನೀರಲ್ಲಿ ಬೋನು ಕುದಿಸಿ ತೆಗಿ, ವಾಸನೆ ಹೋಗಲಿ. ಹೋಗು."

ಅಬ್ನರ್ ಕೈ ಒರೆಸಿಕೊಂಡು ತೊಗಟೆ ತರಲು ಹೊರಗೆ ನಡೆದ.