ಗೋಡೆ ನೋಡುವ ಕೆಲಸ

ನನ್ನ ವೃತ್ತಿಯ ದೊಡ್ಡ ತೊಂದರೆಯೆಂದರೆ, ಕೆಲಸ ಮಾಡುವಾಗ ನಾನು ಮುನಿಸಿಕೊಂಡವಳಂತೆ ಕಾಣುತ್ತೇನೆ. ಘನವಸ್ತುಗಳ ಭೌತಶಾಸ್ತ್ರದಲ್ಲಿ ನಾನು ಸಿದ್ಧಾಂತದ ಕಡೆಯವಳು. ಪ್ರಯೋಗ ಮಾಡುವವರಿಗಾದರೂ ಯಂತ್ರಗಳಿವೆ, ಬಿಳಿ ಕೋಟಿದೆ, ಮುಟ್ಟಬೇಡಿ ಎನ್ನುವ ಬೋರ್ಡಿದೆ. ನನಗಿರುವುದು ಒಂದು ಪೆನ್ಸಿಲ್ಲು, ಎದುರಿಗೊಂದು ಗೋಡೆ. ವಿಶ್ವವಿದ್ಯಾಲಯದಲ್ಲಿ ಹೀಗೆ ಗೋಡೆ ನೋಡುತ್ತ ಕೂತರೆ ಪ್ರೊಫೆಸರ್ ಎನ್ನುತ್ತಾರೆ. ಅಜ್ಜಂಪುರದ ಅತ್ತೆಯ ಮನೆಯಲ್ಲಿ ಕೂತರೆ ಸೊಸೆಗೆ ಏನೋ ಆಗಿದೆ ಎನ್ನುತ್ತಾರೆ.

ಮದುವೆಯಾದ ಹೊಸತು. ರಜೆಗೆಂದು ಹೋದವಳಿಗೆ ಒಂದು ಸಮೀಕರಣ ಬೆನ್ನು ಹತ್ತಿತ್ತು. ನಡುಮನೆಯಲ್ಲಿ ಕೂತು ಗೋಡೆ ನೋಡತೊಡಗಿದೆ. ಸಾರಿಗೆ ಉಪ್ಪು ಹೆಚ್ಚಾಯಿತೇನೋ ಎಂದುಕೊಂಡ ಅತ್ತೆ ಮರುದಿನ ಒಬ್ಬಟ್ಟು ಮಾಡಿದರು. ನಾನು ಚೆನ್ನಾಗಿ ತಿಂದು ಮತ್ತೆ ಗೋಡೆಗೇ ಮರಳಿದೆ. ಸೊಸೆಗೆ ಮನೆ ಒಗ್ಗಲಿಲ್ಲ, ತವರಿಗೆ ಹೊರಟುಬಿಡುತ್ತಾಳೆ ಎಂದು ಅವರು ಒಳಗೊಳಗೇ ಕುಗ್ಗಿ, ನನ್ನ ತವರೂರು ಪಂಚನಹಳ್ಳಿಗೆ ಫೋನು ಮಾಡಿದರು. ನನ್ನ ಅಪ್ಪ, ಅವ್ವ ಒಂದು ಚೀಲ ತೆಂಗಿನಕಾಯಿ ಹೊತ್ತು, ಕಡೂರಿನಲ್ಲಿ ಬಸ್ಸು ಬದಲಿಸಿ ಬಂದಿಳಿದರು. ಪಂಚಾಯಿತಿ ಕೂತಿತು.

"ಏನ್ ಕಮ್ಮಿ ಮಾಡಿದೀವಿ, ಬಾಯ್ಬಿಟ್ಟು ಹೇಳವ್ವಾ" ಎಂದ ಅತ್ತೆಯ ಕಣ್ಣು ತುಂಬಿತ್ತು. ನನಗೆ ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು. ಕೆಲಸ ಮಾಡುತ್ತಿದ್ದೆ ಎಂದರೆ ಯಾರೂ ನಂಬಲಿಲ್ಲ. ತಂತಿಯೊಳಗೆ ಲೆಕ್ಕವಿಲ್ಲದಷ್ಟು ಎಲೆಕ್ಟ್ರಾನುಗಳಿವೆ, ಒಂದನ್ನು ಕಂಡರೆ ಇನ್ನೊಂದಕ್ಕೆ ಆಗದು, ಆದರೂ ಒಂದೇ ಕಡೆ ಇರಲೇಬೇಕು. ಅವು ಹೇಗೆ ಹೊಂದಿಕೊಂಡು ಹೋಗುತ್ತವೆ ಎಂದು ಯೋಚಿಸುವುದೇ ನನ್ನ ಕೆಲಸ ಎಂದು ವಿವರಿಸಿದೆ.

ಅತ್ತೆ ಕಣ್ಣೊರೆಸಿಕೊಂಡರು. "ಅದಕ್ಕೆ ಸಂಬಳ ಕೊಡ್ತಾರೇನೇ? ಅಷ್ಟು ಜನ ವಾರಗಿತ್ತೇರ ಮಧ್ಯೆ ನಾನು ಬಿಟ್ಟಿ ಮಾಡ್ದೆನಲ್ಲೇ!"

ಅಂದಿನಿಂದ ಅವರೇ ನನ್ನ ಕಾವಲು. ಯಾರಾದರೂ ಗಟ್ಟಿಯಾಗಿ ಮಾತಾಡಿದರೆ, "ಮೆಲ್ಲಗೆ ಕಣ್ರೀ, ನಮ್ ಸೊಸೆ ಗೋಡೆ ನೋಡ್ತಾವ್ಳೆ" ಎಂದು ಗದರುತ್ತಾರೆ. ಈ ಕೆಲಸ ನಮ್ಮ ಹುಡುಗಿಗೂ ಸಿಕ್ಕೀತೇ ಎಂದು ಪಕ್ಕದ ಮನೆಯವರು ಕೇಳಿದ್ದೂ ಉಂಟು.

ಇದರಿಂದ ನನಗೆ ನಷ್ಟವೂ ಆಯಿತು. ಕಳೆದ ಯುಗಾದಿಯ ದಿನ ತರೀಕೆರೆಗೆ ಸ್ನೇಹಿತನ ಮನೆಗೆ ಹೋದ ಗಂಡ, ಊಟದ ಹೊತ್ತಿಗೆ ಬರುತ್ತೇನೆಂದವನು, ಸಂಜೆಯಾದರೂ ಬರಲಿಲ್ಲ, ಫೋನೂ ಎತ್ತಲಿಲ್ಲ. ನಿಜವಾಗಿಯೇ ಸಿಟ್ಟು ಬಂದು ನನ್ನ ಜಾಗದಲ್ಲಿ ಕೂತೆ. ಮನೆಮಂದಿಯೆಲ್ಲ ತುದಿಗಾಲಲ್ಲಿ ಓಡಾಡಿದರು, ಟಿ.ವಿ. ಆರಿಸಿದರು. ಏನಾಯಿತೆಂದು ಕೇಳುವವರೇ ಇಲ್ಲ! ಇಷ್ಟೊಂದು ಗೌರವ ಕೊಟ್ಟರೆ ಮುನಿದೇನು ಪ್ರಯೋಜನ?

ಕೊನೆಗೆ ಅತ್ತೆ ಕಾಫಿ ತಂದು ಪಕ್ಕದಲ್ಲಿ ಕೂತರು. "ಬರ್ಲಿ ಅವ್ನು, ವಿಚಾರಿಸ್ಕತೀನಿ" ಎಂದರು. ನಾನು ಮುನಿದಿದ್ದು ಹೇಗೆ ತಿಳಿಯಿತು ಎಂದು ಕೇಳಿದೆ.

"ಕೆಲ್ಸ ಮಾಡೋವಾಗ ಗೋಡೆ ನೋಡ್ತೀಯ. ಈಗ ಬಾಗ್ಲು ನೋಡ್ತಾ ಕುಂತಿದೀಯಲ್ಲೇ."